ಉತ್ತರ ಕತ್ತರಿಸಿದ ಹಾಡು

ದೇಜಪ್ಪನ ಬಸ್ಸಿಗೆ ಕಾದು ಕಾದು ಕಾಲು ನೋಯಿಸಿಕೊಂಡವರು ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಕಡೆ ಒಬ್ಬರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇದು ಗೊತ್ತಿದ್ದರೆ ಮಾತ್ರ ಆಮೇಲೆ ನಡೆದದ್ದಕ್ಕೆ ಕೇಳಿದವರ ಹೊಟ್ಟೆ ಉರಿಯುವುದು. ಅವನು ಶಾಲೆಯ ಮಕ್ಕಳ ಬಸ್ಸು ಓಡಿಸುವವನು. ಧೂಳಿನ ಗಾಳಿ ಎದ್ದು ಎದುರಿನ ಗಾಡಿ ಕಾಣದ ದಿನವೂ, ಏಷ್ಯನ್ ಗೇಮ್ಸಿಗೆ ಅಂತ ಊರಿನ ರಸ್ತೆಯನ್ನೆಲ್ಲ ಅಗೆದು ಹಾಕಿದ ವರ್ಷವೂ, ಬಸ್ಸು ಗೇಟಿಗೆ ಬಂದು ನಿಂತಾಗ ತಾಯಂದಿರು ಇನ್ನೂ ಮಕ್ಕಳ ಶೂಸಿನ ಲೇಸು ಕಟ್ಟುತ್ತಾ ಇರುತ್ತಿದ್ದರು. "ದೇಜಪ್ಪ ಬಂದಾಯ್ತು, ಓಡು ಓಡು" ಅಂತ ಮನೆಮನೆಯಲ್ಲೂ ಮಾತು. ಗೋಡೆಗೆ ಗಡಿಯಾರ ಯಾಕೆ, ಈ ಮಾರಾಯನನ್ನು ನೇತು ಹಾಕಿದರೆ ಸಾಕು ಅಂತ ಅಲ್ ಮನ್ಸೂರಾದ ದಿನಸಿ ಅಂಗಡಿಯ ಮಹಮೂದ್ ತಮಾಷೆ ಮಾಡುತ್ತಿದ್ದ.

ಅಂಥವನ ಹೆಸರನ್ನು ಬಾರದವನ ಹೆಸರು ಮಾಡಿಬಿಟ್ಟರು. ಒಂದು ಹಾಡಿನಿಂದ. ಆ ಹಾಡು ಕಟ್ಟಿದವಳು ಬೇರೆ ಯಾರೂ ಅಲ್ಲ, ಅವನ ಹೆಂಡತಿ ಚೆನ್ನು. ಆದರೆ ತಪ್ಪು ಅವಳದ್ದಲ್ಲ. ಅದು ಹೇಗೆ ಅಂತ ಕೇಳಿ.

ಚೆನ್ನು ಅದೇ ಬಸ್ಸಿನಲ್ಲಿ ಆಯಾ. ಸಣ್ಣ ಮಕ್ಕಳನ್ನು ಕೈಹಿಡಿದು ಹತ್ತಿಸುವುದು, ಇಳಿಸುವುದು, ನಿದ್ದೆ ಹೋದವರನ್ನು ಎಬ್ಬಿಸುವುದು ಅವಳ ಕೆಲಸ. ಮುಂದೆ ಗಂಡ, ಬಾಗಿಲಲ್ಲಿ ಹೆಂಡತಿ. ಇಡೀ ದಿನ ಒಂದೇ ಬಸ್ಸಿನಲ್ಲಿದ್ದರೂ ಅವಳ ಬಾಯಲ್ಲಿ ಗಂಡನ ಹೆಸರು ಬಂದದ್ದನ್ನು ಯಾರೂ ಕೇಳಿದವರಿಲ್ಲ. "ಓ ಇವರೇ, ಹೊರಡುವ" ಅನ್ನುವಳು. ಶಾಲೆಯ ಆಫೀಸಿನಲ್ಲಿ ಗಂಡನ ಹೆಸರು ಕೇಳಿದರೆ ಪಕ್ಕದವರ ಮುಖ ನೋಡುವಳು, ಅವರೇ ಹೇಳಬೇಕು. ಅವಳ ತಾಯಿ ಹಾಗೆ ಇದ್ದರು, ಅಜ್ಜಿ ಹಾಗೆ ಇದ್ದರು. ಮಂಗಳೂರು ಕಡೆಯ ಮುಲ್ಕಿಯ ಒಳಗಿನ ಅವರ ಊರಲ್ಲಿ ಹೆಂಗಸು ಗಂಡನ ಹೆಸರು ಬಾಯಿಬಿಟ್ಟು ಹೇಳಬಹುದಾದ ಜಾಗ ಒಂದೇ, ನೇಜಿ, ಅಂದರೆ ಭತ್ತದ ಸಸಿ, ನೆಡುವ ಗದ್ದೆ.

ಅಲ್ಲಿಯ ಕ್ರಮ ಹೀಗೆ. ಹೆಂಗಸರು ಸಾಲಾಗಿ ಬಗ್ಗಿ ನೇಜಿ ನೆಡುತ್ತಾ ಹಾಡು ಹೇಳುತ್ತಾರೆ. ಗದ್ದೆಯ ಬದು, ಕಟ್ಟಪುಣಿ ಅನ್ನುತ್ತಾರೆ, ಅದರ ಮೇಲೆ ಯಾವ ಗಂಡಸು ನಡೆದುಹೋದರೂ ಬಿಡುವುದಿಲ್ಲ, ಹೆಸರು ಹಿಡಿದು ಕೆಣಕಿ ಹಾಡುತ್ತಾರೆ. ಗಂಡನಾದರೆ ಇನ್ನೂ ಹೆಚ್ಚು. ಅವನು ನಿಲ್ಲಬೇಕು. ಹಾಡಿನಲ್ಲೇ ಉತ್ತರ ಕೊಡಬೇಕು. ಕೊಡದೆ ಮುಂದೆ ಹೆಜ್ಜೆ ಇಡುವ ಹಾಗಿಲ್ಲ, ಇವರೂ ಉತ್ತರ ಕೇಳದೆ ಮುಂದಿನ ಹಾಡು ಎತ್ತುವ ಹಾಗಿಲ್ಲ. ಉತ್ತರ ಕೊಟ್ಟ ಮೇಲೆ ಒಬ್ಬಳು ಕೆಸರಿನ ಕೈ ತಂದು ಅವನ ಬೆನ್ನಿಗೆ ಒತ್ತುತ್ತಾಳೆ. ಅಲ್ಲಿಗೆ ಲೆಕ್ಕ ಚುಕ್ತ. ಬೆನ್ನ ಮೇಲೆ ಐದು ಬೆರಳು ಹೊತ್ತುಕೊಂಡು ಮನೆಗೆ ಹೋದವನನ್ನು ಯಾರೂ ನಗುವುದಿಲ್ಲ. ಉತ್ತರ ಕೊಟ್ಟು ಬಂದವನು ಅಂತ ಮರ್ಯಾದೆ.

ದೋಹಾದಲ್ಲಿ ಗದ್ದೆ ಎಲ್ಲಿಂದ ಬರಬೇಕು? ಆದರೆ ಹೆಂಗಸರು ಗುಂಪಾಗಿ ಕೂತು ಕೈಕೆಲಸ ಮಾಡುವಾಗ ಹಾಡು ತನ್ನಿಂದ ತಾನೇ ಬರುತ್ತದೆ. ಊರಲ್ಲಿ ಮಳೆಗಾಲದ ಆಟಿ ತಿಂಗಳು ಮುಗಿದು ಹೋದರೂ, ರಜೆಗೆ ಹೋದವರೆಲ್ಲ ತಿರುಗಿ ಬಂದ ಮೇಲೆಯೇ ಇವರ ತುಳುವರ ಸಂಘದ ಆಟಿ ಊಟ. ಆ ವರ್ಷ ವಾರಿಜಾಕ್ಷಿಯ ವಿಲ್ಲಾದ ಅಂಗಳದಲ್ಲಿ ಪತ್ರೊಡೆ. ವಾರಿಜಾಕ್ಷಿ ಅಂದರೆ ಸಂಘದ ಹೆಂಗಸರ ಕಡೆಯ ಹಿರಿಯಾಳು, ಚೆನ್ನುವಿನ ಊರಿನವಳೇ. ಮಹಮೂದ್ ವಿಮಾನದಲ್ಲಿ ಕೆಸುವಿನ ಎಲೆ ತರಿಸಿ ಕೊಟ್ಟಿದ್ದ. ಹೆಂಗಸರು ಎಲೆಗೆ ಅಕ್ಕಿಹಿಟ್ಟು ಸವರಿ ಸವರಿ ಸುರುಳಿ ಸುತ್ತುತ್ತಿದ್ದಾಗ ದೇಜಪ್ಪ ಗ್ಯಾಸಿನ ಸಿಲಿಂಡರ್ ಹೊತ್ತುಕೊಂಡು ಬಾಗಿಲಿಗೆ ಬಂದ. ಚೆನ್ನು ತಲೆ ಎತ್ತಲಿಲ್ಲ. ಎಲೆಯ ಮೇಲೆ ಕೈ ಆಡಿಸುತ್ತಲೇ ಎತ್ತಿಕೊಂಡಳು. ತುಳುವಿನ ಹಾಡು, "ಬರ್ಪೆ ಬರ್ಪೆ ಪಂಡೆ ದೇಜಪ್ಪೆ" ಅಂತ ಶುರು. ಕನ್ನಡದಲ್ಲಿ ಹೇಳಿದರೆ ಹೀಗೆ:

ಬರ್ತೇನೆ ಬರ್ತೇನೆ ಅಂದ ದೇಜಪ್ಪ,
ಮಲ್ಲಿಗೆ ಮುಡಿದು ಕೂತೆ ಕಟ್ಟೆಯ ಮೇಲೆ;
ಮಲ್ಲಿಗೆ ಬಾಡಿತು, ಕಟ್ಟೆಯೂ ಸವೆಯಿತು,
ದೇಜಪ್ಪ ಬರಲಿಲ್ಲ.

ಬರ್ತೇನೆ ಬರ್ತೇನೆ ಅಂದ ದೇಜಪ್ಪ,
ಹುಂಜವ ಸಾಕಿದೆ ಅವನ ಊಟಕ್ಕೆ;
ಹುಂಜಕ್ಕೆ ಮುಪ್ಪಾಯ್ತು, ಕೂಗಲು ಮರೆಯಿತು,
ದೇಜಪ್ಪ ಬರಲಿಲ್ಲ.

ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೆ ಒಬ್ಬರು ಬಿದ್ದರು. "ಉತ್ತರ ಕೊಡಿ ದೇಜಣ್ಣ, ಇಲ್ಲದಿದ್ದರೆ ಸಿಲಿಂಡರ್ ಹೊತ್ತುಕೊಂಡೇ ನಿಲ್ಲಿ!" ಅಂದಳು ವಾರಿಜಾಕ್ಷಿ.

ಹಾಡಿನಲ್ಲಿದ್ದದ್ದು ಸುಳ್ಳಲ್ಲ. ಮದುವೆ ನಿಶ್ಚಯ ಆದ ಮೇಲೆ ಬರುವ ವರ್ಷ ಬರುತ್ತೇನೆ ಅಂತ ಹೇಳಿ ದೇಜಪ್ಪ ಗಲ್ಫಿಗೆ ಬಂದವನು. ಸೇರಿದ ಕಂಪೆನಿ ಮುಚ್ಚಿತು. ಪಾಸ್‌ಪೋರ್ಟು ಧಣಿಯ ಪೆಟ್ಟಿಗೆಯಲ್ಲಿ ಉಳಿಯಿತು. ಸಂಬಳ ಇಲ್ಲ, ಹೋಗುವ ದಾರಿಯೂ ಇಲ್ಲ. ಊರಲ್ಲಿ ಚೆನ್ನುವಿಗೆ ಎಲ್ಲರೂ ಬುದ್ಧಿ ಹೇಳಿದರು, ಅವನು ಬರುವುದಿಲ್ಲ, ಬೇರೆ ಗಂಡು ನೋಡುವ ಅಂತ. ಅವಳು ಹುಂಜಕ್ಕೆ ಅಕ್ಕಿ ಹಾಕುತ್ತಾ ಕೂತಳು. ವರ್ಷಗಟ್ಟಲೆ. ಕಡೆಗೆ ಅವನು ಬಂದಾಗ ಆ ಮುದಿ ಹುಂಜವನ್ನೇ ಕೊಯ್ದು ಬಡಿಸಿದಳು. ಒಂದು ಬೈಗಳೂ ಬೈಯದೆ ಮದುವೆಯಾಗಿ ಅವನೊಟ್ಟಿಗೆ ದೋಹಾಕ್ಕೆ ಬಂದಳು. ಬೈಯುವುದನ್ನೆಲ್ಲ ಹಾಡಿಗೆ ಇಟ್ಟುಕೊಂಡಿದ್ದಳು.

ದೇಜಪ್ಪ ಸಿಲಿಂಡರ್ ಇಳಿಸಿ, ಬೆವರು ಒರೆಸಿ, ತನ್ನ ಒಡಕು ಸ್ವರದಲ್ಲಿ ಉತ್ತರ ಕೊಟ್ಟ:

ಬರಲಿಕ್ಕೆ ಕಾಲಿತ್ತು, ಕಡಲು ನನದಲ್ಲ,
ದಾರಿಯು ಧಣಿಯ ಪೆಟ್ಟಿಗೆಯೊಳಗೆ;
ಬಂದೆನಲ್ಲ ಚೆನ್ನು, ಬಡಿಸಿದೆಯಲ್ಲ ಹುಂಜ,
ಹಗ್ಗದ ಹಾಗಿತ್ತು ಕಾಲು, ಮಾತಾಡದೆ ತಿಂದೆ.

ಅಂಗಳದ ನಗು ಹಾಗೇ ಮೆತ್ತಗಾಯಿತು. ಒಬ್ಬಿಬ್ಬರು ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡರು. ಚೆನ್ನು ಎದ್ದು ಬಂದು ಹಿಟ್ಟಿನ ಕೈಯನ್ನು ಅವನ ಬೆನ್ನಿಗೆ ಒತ್ತಿದಳು. ಮುಗಿಯಿತು. ಹಾಡು ಅಂದರೆ ಇಷ್ಟು. ಎರಡು ಕೈ ಸೇರಿದರೆ ಚಪ್ಪಾಳೆ.

ವಾರಿಜಾಕ್ಷಿ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿಟ್ಟಳು, ನೆನಪಿಗಿರಲಿ ಅಂತ. ಅವಳ ಮಗ ಲತೇಶ್ ಅದನ್ನು ಕೇಳಿದ. ಲತೇಶ್ ದೋಹಾದಲ್ಲೇ ಬೆಳೆದ ಹುಡುಗ. ವೆಸ್ಟ್ ಬೇಯ ಎತ್ತರದ ಕಟ್ಟಡದಲ್ಲಿ ಆಫೀಸು, ಶುಕ್ರವಾರ ಗಿಟಾರು. ಅಮೇರಿಕದ ದನ ಕಾಯುವವರ ಹಾಡುಗಳೆಂದರೆ ಅವನಿಗೆ ಪ್ರಾಣ. ಅಂಚು ಮಡಚಿದ ಟೊಪ್ಪಿ ಇಟ್ಟು, ಮೂಗಿನಲ್ಲಿ ಸ್ವಲ್ಪ ಎಳೆದು ಹಾಡುತ್ತಿದ್ದ. ಅದಕ್ಕೆ ಕಂಟ್ರಿ ಅನ್ನುತ್ತಾರಂತೆ. ಅವರ ಹಳ್ಳಿಯ ಹಾಡಿಗೆ ಪೇಟೆಯ ಕುಣಿತ ಸೇರಿಸಿದರೆ ಕಂಟ್ರಿ ಪಾಪ್. ಹಾಗಾದರೆ ನಮ್ಮ ಹಳ್ಳಿಯ ಹಾಡಿಗೂ ಮಾಡುವ ಅಂತ ಹೊರಟ. ತಪ್ಪೇನಿಲ್ಲ, ಮಾಡಬಹುದಿತ್ತು. ಅಶ್ವಿತಾ ಎಂಬ ಹುಡುಗಿಯ ಹತ್ತಿರ ಹಾಡಿಸಿದ, ತಾನು ಗಿಟಾರು ಬಾರಿಸಿದ, "ಬರ್ಪೆ ಬರ್ಪೆ" ಅನ್ನುವಲ್ಲಿ ನಾಲ್ಕು ಗೆಳೆಯರನ್ನು ಸೇರಿಸಿ ಕೂಗಿಸಿದ. ಒಂದೇ ಹಾಡಿನ ಸಿ.ಡಿ. ಹೊರಬಂತು. ಸಿಂಗಲ್ ಅನ್ನುತ್ತಾರೆ ಅದಕ್ಕೆ.

ಮೊದಲ ಸಲ ಕೇಳಿದ್ದು ಬಸ್ಸಿನಲ್ಲೇ. ಮಕ್ಕಳನ್ನು ಇಳಿಸಿ ಖಾಲಿ ಬಸ್ಸು ತರುವಾಗ ದೇಜಪ್ಪ ರೇಡಿಯೋ ಹಾಕುವುದುಂಟು. ಗಿಟಾರಿನ ಟ್ರಿಣ್ ಟ್ರಿಣ್ ಆಯಿತು, ಆಮೇಲೆ ಚೆನ್ನುವಿನ ರಾಗ. ಚೆನ್ನು ಸೀಟಿನಿಂದ ಎದ್ದೇಬಿಟ್ಟಳು.

"ಓ ಇವರೇ! ಇದು ನನ್ನದು!"

"ನಿನ್ನದೇ. ಸುಮ್ಮನೆ ಕೇಳು ಮಾರಾಯ್ತಿ."

ದೇಜಪ್ಪನಿಗೂ ಖುಷಿ. ರಸ್ತೆಯ ಬದಿಗೆ ಬಸ್ಸು ನಿಲ್ಲಿಸಿದ. ಮಲ್ಲಿಗೆ ಬಂತು, ಹುಂಜ ಬಂತು. ಈಗ ನನ್ನದು ಬರುತ್ತದೆ ಅಂತ ಅವನು ರೇಡಿಯೋದ ಸ್ವರ ಸ್ವಲ್ಪ ದೊಡ್ಡದು ಮಾಡಿದ. ಗಿಟಾರು ಒಮ್ಮೆ ಅತ್ತಿತು, "ಬರಲಿಲ್ಲ, ಬರಲಿಲ್ಲ" ಅಂತ ನಾಲ್ವರು ಕೂಗಿದರು, ಮುಗಿಯಿತು. ಆಮೇಲೆ ಪೈಂಟಿನ ಜಾಹೀರಾತು.

"ಉತ್ತರ ಎಲ್ಲಿ?" ಅಂದ ದೇಜಪ್ಪ.

ಚೆನ್ನು ರೇಡಿಯೋವನ್ನು ನೋಡಿದಳು, ಅದರ ಹಿಂದೆ ಎಲ್ಲಾದರೂ ಸಿಕ್ಕಿಕೊಂಡಿದೆಯೋ ಅನ್ನುವ ಹಾಗೆ. "ಮುಂದಿನ ಸಲ ಹಾಕ್ತಾರೋ ಏನೋ" ಅಂದಳು.

ಹಾಕಲಿಲ್ಲ. ಶುಕ್ರವಾರ ಆ ರೇಡಿಯೋದವರು ವಾರದ ಹತ್ತು ಹಾಡು ಅಂತ ಹಾಕುತ್ತಿದ್ದರು, ಜನ ಮೊಬೈಲಿನಿಂದ ಮೆಸೇಜು ಕಳಿಸಿ ಗೆಲ್ಲಿಸುವುದು. ಹಾಡು ಕಡೆಯ ಸ್ಥಾನಕ್ಕೆ ಬಂತು, ನಡುವಿಗೆ ಬಂತು, ಹೊಸ ವರ್ಷಕ್ಕೆ ಸರಿಯಾಗಿ ಮೊದಲನೆಯದಕ್ಕೆ ಏರಿ ಕೂತಿತು. ಸಿನಿಮಾದ ಹಾಡುಗಳನ್ನು ಕೆಳಗೆ ತಳ್ಳಿ ಕೂತಿತು. ದುಬೈಯಲ್ಲಿ, ಬಹ್ರೇನಿನಲ್ಲಿ, ಊರಿನ ಬಸ್ಸುಗಳಲ್ಲಿ, ಮದುವೆಯ ಹಾಲಿನಲ್ಲಿ, ಎಲ್ಲಿ ಹೋದರೂ ಬರ್ಪೆ ಬರ್ಪೆ. ಫೋನ್ ಮಾಡಿದರೆ ಗಂಟೆಯ ಬದಲು ಬರ್ಪೆ ಬರ್ಪೆ.

ಆಮೇಲೆ ಕೀಟಲೆ ಶುರುವಾಯಿತು. ಓಲ್ಡ್ ಏರ್‌ಪೋರ್ಟಿನ ಒಂದು ಇಕ್ಕಟ್ಟು ಗಲ್ಲಿಯಲ್ಲಿ ಶರಣ್ ಅಂತ ಒಬ್ಬ. ಒಂದನೇ ಕ್ಲಾಸಿನ ಮೋಕ್ಷಾಳ ಅಪ್ಪ, ಸಂಘದ ಕಾರ್ಯಕ್ರಮಗಳಲ್ಲಿ ಮೈಕು ಹಿಡಿಯುವವನು. ಮಗಳನ್ನು ಎಳೆದುಕೊಂಡು ಏದುಸಿರು ಬಿಡುತ್ತಾ ಕಡೆಗೆ ಬರುವವನು ಅವನೇ. ಬಂದವನು ದೇಜಪ್ಪನ ಕಿಟಕಿಗೆ ತಟ್ಟಿ, "ಬರ್ತೇನೆ ಬರ್ತೇನೆ ಅಂದ ದೇಜಪ್ಪ! ಇವತ್ತು ಬಂದ್ರಾ ಅಂಕಲ್?" ಅಂತ ನಗುವನು. ಕಾದು ನಿಂತದ್ದು ಬಸ್ಸು, ತಡವಾದದ್ದು ಇವನು, ಹೆಸರು ಕೆಟ್ಟದ್ದು ದೇಜಪ್ಪನದ್ದು! ಮಕ್ಕಳು ಬಿಡುತ್ತಾರಾ? ಹಿಂದಿನ ಸೀಟಿನಿಂದ ಮುಂದಿನ ಸೀಟಿನವರೆಗೆ ಕೋರಸ್. ಸಿಗ್ನಲಿನಲ್ಲಿ ಬಸ್ಸು ನಿಂತರೆ ಸಾಕು, "ದೇಜಪ್ಪ ಬರಲಿಲ್ಲ" ಅಂತ ಚೀರುವರು. ಮಕ್ಕಳ ಮೇಲೆ ಸಿಟ್ಟು ಮಾಡುವುದು ಹೇಗೆ? ಅವನು ಕನ್ನಡಿಯಲ್ಲಿ ನೋಡಿ ನಗಲು ಪ್ರಯತ್ನಿಸುವನು.

ಮನ್ಸೂರಾದಲ್ಲಿ ಮಹಮೂದನ ಅಂಗಡಿಯ ಗಲ್ಲಾದ ಹತ್ತಿರ ಆ ಸಿ.ಡಿ. ಜೋಡಿಸಿಟ್ಟಿದ್ದರು. ಹೊದಿಕೆಯ ಮೇಲೆ ಟೊಪ್ಪಿ ಇಟ್ಟ ಲತೇಶ್, ಹಿಂದೆ ಯಾರದೋ ಹಸಿರು ಗದ್ದೆ. ದೇಜಪ್ಪ ಮಹಮೂದನಿಗೆ ಕೊಟ್ಟು ಓದಿಸಿದ.

"ಹಾಡು: ಜಾನಪದ. ರಾಗ: ಜಾನಪದ" ಅಂತ ಓದಿದ ಮಹಮೂದ್. "ಒಳಗೆ ಎರಡು ಉಂಟು. ಒಂದು ಹಾಡು, ಇನ್ನೊಂದು ಅದೇ ಹಾಡು ಮಾತಿಲ್ಲದ್ದು. ಬರೇ ವಾದ್ಯ."

"ಮಾತಿಲ್ಲದ್ದಕ್ಕೆ ಜಾಗ ಇತ್ತು" ಅಂದ ದೇಜಪ್ಪ. "ನನ್ನ ಮಾತಿಗೆ ಇರಲಿಲ್ಲ."

ಮಹಮೂದನ ಮುಖ ಬಾಡಿತು. ಸಿ.ಡಿ.ಗಳನ್ನೆಲ್ಲ ಬಾಚಿ ರಟ್ಟಿನ ಡಬ್ಬಿಗೆ ತುಂಬಿ, "ಖಲಾಸ್. ನನ್ನ ಅಂಗಡಿಯಲ್ಲಿ ಇದು ಬೇಡ ದೇಜಪ್ಪಣ್ಣ. ಗಿರಾಕಿ ಕೇಳಿದ್ರೆ ಮಾಫಿ, ಇಲ್ಲ ಅಂತೇನೆ" ಅಂದ.

"ನೀನೊಬ್ಬ ನಿಲ್ಲಿಸಿದ್ರೆ ಗಾಳಿಯಲ್ಲಿ ಬರುವುದು ನಿಲ್ತದಾ ಮಾರಾಯ?"

ಅದೇ ವಾರ ಊರಿನಿಂದ ಅವನ ಅಕ್ಕನ ಫೋನು. "ತಮ್ಮಾ, ನಿಜ ಹೇಳು. ಚೆನ್ನು ನಿನ್ನೊಟ್ಟಿಗೆ ಇದ್ದಾಳಾ? ಬಸ್‌ಸ್ಟ್ಯಾಂಡಿನಲ್ಲಿ ನನಗೆ ಮುಖ ಎತ್ತಲಿಕ್ಕೆ ಇಲ್ಲ. ಹುಡುಗಿಯನ್ನು ಕಾಯಿಸಿ ಕೈಬಿಟ್ಟವನು ನಿನ್ನ ತಮ್ಮನಾ ಅಂತ ಕೇಳ್ತಾರೆ."

ದೇಜಪ್ಪ ಫೋನನ್ನು ಚೆನ್ನುವಿನ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತ. ಅಲ್ಲಿಯವರೆಗೆ ಚೆನ್ನುವಿಗೆ ತನ್ನ ರಾಗ ಊರೆಲ್ಲ ಕೇಳುತ್ತದೆ ಅನ್ನುವ ಒಂದು ಒಳಗಿನ ಹಿಗ್ಗು ಇತ್ತು. ಅತ್ತಿಗೆಯ ಮಾತು ಕೇಳಿದ ಮೇಲೆ ಅದು ಹಾಲು ಒಡೆದ ಹಾಗೆ ಒಡೆಯಿತು. ಅವಳು ಜೀವಮಾನದಲ್ಲಿ ಬಾಯಿಬಿಟ್ಟು ಹೇಳದ ಹೆಸರು. ಹಾಡಿನಲ್ಲಿ ಮಾತ್ರ, ಅದೂ ಅವನು ಎದುರು ನಿಂತಾಗ ಮಾತ್ರ, ನಾಲಗೆಗೆ ತಂದುಕೊಂಡ ಹೆಸರು. ಅದನ್ನು ಗುರುತಿಲ್ಲದವರೆಲ್ಲ ಚ್ಯೂಯಿಂಗ್ ಗಮ್ಮಿನ ಹಾಗೆ ಜಗಿದು ಉಗಿಯುವುದಾ?

"ನನ್ನ ಗಂಡನನ್ನು ಬೈಯುವ ಹಕ್ಕು ನನ್ನದು" ಅಂದಳು. "ಅದನ್ನು ನಾನು ಯಾರಿಗೂ ಮಾರಲಿಲ್ಲ. ಹೋಗಿ ಆ ಹುಡುಗನ ಹತ್ತಿರ ಮಾತಾಡಿ ಬನ್ನಿ."

ಮಧ್ಯಾಹ್ನದ ಮಕ್ಕಳನ್ನು ಇಳಿಸಿ ದೇಜಪ್ಪ ಬಿಳಿ ಯೂನಿಫಾರ್ಮಿನಲ್ಲೇ ವೆಸ್ಟ್ ಬೇಗೆ ಹೋದ. ಗಾಜಿನ ಕಟ್ಟಡದ ಕೆಳಗೆ, ಕಾರಂಜಿಯ ಹತ್ತಿರ ಕಾದ. ಲತೇಶ್ ಕುತ್ತಿಗೆಗೆ ಕಾರ್ಡು ನೇತು ಹಾಕಿಕೊಂಡು ಇಳಿದು ಬಂದ. ಒಳ್ಳೆಯ ಹುಡುಗನೇ, ಕೈ ಹಿಡಿದು ಕುಲುಕಿದ.

"ಅಂಕಲ್! ನಂಬರ್ ಒನ್, ಕೇಳಿದ್ರಾ?"

"ಕೇಳಿದೆ. ಅದರಲ್ಲಿ ನನ್ನ ಉತ್ತರ ಇಲ್ಲ ಮಗಾ."

"ಓ, ಅದಾ? ಅಮ್ಮನ ಮೊಬೈಲಿನಲ್ಲಿ ಇತ್ತು, ಕೇಳಿದ್ದೇನೆ. ಸೂಪರ್. ಆದ್ರೆ ನೋಡಿ ಅಂಕಲ್, ಅದು ಹಾಕಿದ್ರೆ ಸ್ಟೋರಿ ಮುಗಿದುಹೋಗ್ತದೆ. ಹುಡುಗ ಬಂದ, ಊಟ ಮಾಡಿದ. ಅದಕ್ಕೆ ಯಾರು ಅಳ್ತಾರೆ? ಕಂಟ್ರಿ ಅಂದ್ರೆ ಕಾಯಬೇಕು, ಹಾರ್ಟ್ ಒಡೀಬೇಕು."

ತಿಳಿಯದೆ ಬಿಟ್ಟದ್ದಲ್ಲ, ನೋಡಿ. ಕೇಳಿ, ತೂಗಿ ನೋಡಿ, ಬೇಡ ಅಂತ ಕತ್ತರಿಸಿದ್ದು.

"ಹಾಗಾದ್ರೆ ಹೆಸರಾದರೂ ಬೇರೆ ಇಡಬಹುದಿತ್ತಲ್ಲ?"

"ಹೆಸರೇ ಬ್ಯೂಟಿ ಅಂಕಲ್. ದೇಜಪ್ಪ! ಈಗ ಯಾರಿಗೆ ಉಂಟು ಅಂಥ ಹೆಸರು? ಫೋಕ್ ಹೆಸರು ಅದು."

ದೇಜಪ್ಪ ತನ್ನ ಎದೆಯ ಮೇಲಿನ ಬಿಲ್ಲೆಯನ್ನು ಬೆರಳಿನಿಂದ ತೋರಿಸಿದ. ಶಾಲೆಯವರು ಕೊಟ್ಟದ್ದು, ಹೆಸರು ಬರೆದದ್ದು. "ನನಗೆ ಉಂಟು."

ಲತೇಶ್ ಬಿಲ್ಲೆಯ ಹೆಸರು ಓದಿದ. ಆಮೇಲೆ ಹೆಗಲ ಮೇಲೆ ಕೈ ಹಾಕಿ, "ಬೇಜಾರು ಮಾಡಬೇಡಿ ಅಂಕಲ್. ಇದು ಇನ್ನೂ ಓಡಲಿ. ಬರುವ ವರ್ಷ ಪಾರ್ಟ್ ಟೂ ಮಾಡುವ, ನಿಮ್ಮ ಉತ್ತರ. ಪ್ರಾಮಿಸ್" ಅಂದ.

"ಗದ್ದೆಯಲ್ಲಿ ಉತ್ತರವನ್ನು ಬರುವ ವರ್ಷಕ್ಕೆ ಇಟ್ಟವರು ಉಂಟಾ?" ಅಂದ ದೇಜಪ್ಪ.

ಆ ಹುಡುಗ ನೇಜಿ ಗದ್ದೆಗೆ ಕಾಲಿಟ್ಟವನಲ್ಲ. ಅವನಿಗೆ ಅದು ಬರೇ ಒಂದು ಮಾತಾಗಿ ಕೇಳಿತು. "ಶುಕ್ರವಾರ ಸಂಘದಲ್ಲಿ ನಮಗೆ ಸನ್ಮಾನ. ನೀವಿಬ್ರೂ ಬರಲೇಬೇಕು. ಅಲ್ಲಿ ಹಾಡಿ ಅಂಕಲ್, ಸ್ಟೇಜಲ್ಲಿ. ಆಯ್ತಾ?" ಅಂದ. ಆ ಒಂದು ಮಾತನ್ನು ನಂಬಿ ದೇಜಪ್ಪ ತಿರುಗಿ ಬಂದ. ನಾಲ್ಕು ದಿಕ್ಕಿಗೆ ಹೋದ ಹಾಡಿಗೆ ಒಂದು ಸ್ಟೇಜಿನಿಂದಾದರೂ ಉತ್ತರ ಹೋದರೆ ಸಾಕು ಅಂತ ಅವನ ಮನಸ್ಸು.

ಶುಕ್ರವಾರ ಸಂಜೆ ಶಾಲೆಯ ಹಾಲು ತುಂಬಿತ್ತು. ದೇಜಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ದಾರಿಯುದ್ದಕ್ಕೂ ಬಾಯಿಯೊಳಗೇ ಉತ್ತರ ಹೇಳಿಕೊಂಡು ಬಂದಿದ್ದ. ಮೈಕು ಶರಣನ ಕೈಯಲ್ಲಿ. ಲತೇಶನಿಗೆ ಪೇಟ, ಅಶ್ವಿತಾಳಿಗೆ ಹಾರ. "ಈ ಹಾಡಿನ ಮೂಲ ಕಲಾವಿದೆ ಚೆನ್ನು ಆಂಟಿ" ಅಂತ ಚೆನ್ನುವನ್ನು ಕರೆದು ಶಾಲು ಹೊದಿಸಿದರು. ಇಷ್ಟರವರೆಗೆ ಸರಿ.

ಆಮೇಲೆ ಶರಣ್ ಸ್ವರ ಏರಿಸಿದ. "ಈಗ ಒಂದು ಸರ್ಪ್ರೈಸ್! ಒರಿಜಿನಲ್ ದೇಜಪ್ಪ ನಮ್ಮ ನಡುವೆಯೇ ಇದ್ದಾರೆ! ಬರ್ತಾರಾ? ಬರ್ತಾರಾ?"

"ಬರಲಿಲ್ಲ!" ಅಂತ ಇಡೀ ಹಾಲು ಕೂಗಿತು.

ನಗುವಿನ ನಡುವೆ ದೇಜಪ್ಪ ನಡೆದು ಬಂದ. ತಲೆ ಕೆಳಗೆ ಹಾಕಲಿಲ್ಲ. ಮೆಟ್ಟಿಲು ಹತ್ತಿ ಮೈಕಿಗೆ ಕೈ ನೀಡಿದ. "ಎರಡೇ ಮಾತು ಅಂಕಲ್, ಟೈಮ್ ಇಲ್ಲ" ಅಂತ ಶರಣ್ ಕೊಟ್ಟ. ದೇಜಪ್ಪ ಗಂಟಲು ಸರಿಮಾಡಿ, "ಬರಲಿಕ್ಕೆ ಕಾಲಿತ್ತು..." ಅಂತ ಎತ್ತಿದ್ದೇ ತಡ, ಹಿಂದಿನಿಂದ ಯಾರೋ ಯಂತ್ರ ಒತ್ತಿದರು. ಟ್ರಿಣ್ ಟ್ರಿಣ್, ಧಡ್ ಧಡ್. ಬರ್ಪೆ ಬರ್ಪೆ ಅಂತ ಹಾಲಿಗೆ ಹಾಲೇ ಎದ್ದು ಕುಣಿಯಿತು. ಕಡಲು ನನದಲ್ಲ ಅನ್ನುವುದು ಅವನ ತುಟಿಯಲ್ಲಿ ಕಂಡಿತು, ಕಿವಿಗೆ ಕೇಳಲಿಲ್ಲ. ಲತೇಶ್ ಬಂದು ಅಪ್ಪಿಕೊಂಡ, ಟೊಪ್ಪಿ ತೆಗೆದು ದೇಜಪ್ಪನ ತಲೆಗೆ ಇಟ್ಟ, ಫೋಟೊ ತೆಗೆದರು. ಶರಣ್ ಮೈಕು ಬಿಡಿಸಿಕೊಂಡು, "ಒಂದು ಜೋರಾದ ಚಪ್ಪಾಳೆ!" ಅಂದ.

ಇದಕ್ಕೆ ಸನ್ಮಾನ ಅನ್ನುತ್ತಾರಾ? ಮನುಷ್ಯನನ್ನು ಕರೆದು ಅವನ ಬಾಯಿಗೆ ಅವನದೇ ಹಾಡಿನ ಬಟ್ಟೆ ತುರುಕುವುದಕ್ಕೆ?

ಚೆನ್ನು ಹೊದ್ದ ಶಾಲನ್ನು ತೆಗೆದಳು. ಸಿಟ್ಟಿನಲ್ಲಿ ಎಸೆಯಲಿಲ್ಲ. ನಾಲ್ಕು ಮಡಿಕೆ ಮಾಡಿ ಗಿಟಾರಿನ ಪೆಟ್ಟಿಗೆಯ ಮೇಲೆ ಇಟ್ಟಳು. ದೇಜಪ್ಪನ ತಲೆಯ ಟೊಪ್ಪಿ ತೆಗೆದು ಅದರ ಮೇಲೆ ಇಟ್ಟಳು. ಮೊದಲ ಸಾಲಿನಿಂದ ವಾರಿಜಾಕ್ಷಿ ಓಡಿ ಬಂದು, "ಚೆನ್ನೂ, ಹೀಗೆ ಹೋಗಬೇಡ ಮಾರಾಯ್ತಿ, ಮಕ್ಕಳು, ಗೊತ್ತಾಗಲಿಲ್ಲ" ಅಂದಳು.

"ನಿಮ್ಮ ಮಗನಿಗೆ ಗೊತ್ತಾಗಲಿಲ್ಲ, ಸರಿ" ಅಂದಳು ಚೆನ್ನು. "ನೀವು ಗದ್ದೆಗೆ ಇಳಿದವರಲ್ವಾ ಅಕ್ಕ? ನಿಮಗೆ ಗೊತ್ತಿತ್ತಲ್ಲ?"

ವಾರಿಜಾಕ್ಷಿ ದಾರಿ ಬಿಟ್ಟು ಬದಿಗೆ ಸರಿದಳು. ಇವರಿಬ್ಬರೂ ಊಟಕ್ಕೂ ನಿಲ್ಲದೆ ಹೊರಟು ಹೋದರು.

ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಭಾನುವಾರ ಶಾಲೆ. ಬೆಳಿಗ್ಗೆಯಿಂದ ಧೂಳಿನ ಗಾಳಿ. ಊರಿಗೆ ಊರೇ ಗೋಧಿಹಿಟ್ಟು ಜರಡಿ ಹಿಡಿದ ಹಾಗೆ ಕಾಣುತ್ತಿತ್ತು. ಬಸ್ಸು ಎಂದಿನ ಹಾಗೆ ಹೊತ್ತಿಗೆ ಸರಿಯಾಗಿ ಓಲ್ಡ್ ಏರ್‌ಪೋರ್ಟಿನ ಆ ಇಕ್ಕಟ್ಟು ಗಲ್ಲಿಗೆ ಬಂದು ನಿಂತಿತು. ಎಲ್ಲ ಮಕ್ಕಳೂ ಹತ್ತಿ ಆಯಿತು, ಮೋಕ್ಷಾ ಒಬ್ಬಳು ಬಾಕಿ. ಎಂದಿನ ಹಾಗೆ ಕಡೆಗೆ ಶರಣನ ಕಾರು ಬಂದು ಬಸ್ಸಿನ ಹಿಂದೆ ನಿಂತಿತು. ಮಗಳನ್ನು ಎಳೆದುಕೊಂಡು ಬಂದು ಹತ್ತಿಸಿ, ಕಿಟಕಿಗೆ ತಟ್ಟಿದ.

"ಬರ್ತೇನೆ ಬರ್ತೇನೆ ಅಂದ ದೇಜಪ್ಪ! ಮೊನ್ನೆ ಊಟಕ್ಕೂ ನಿಲ್ಲದೆ ಓಡಿದ್ರಲ್ಲ ಅಂಕಲ್? ಯಲ್ಲಾ ಯಲ್ಲಾ, ಬೇಗ, ನನಗೆ ಮೀಟಿಂಗ್ ಉಂಟು, ಬಸ್ಸು ತೆಗೀರಿ."

ದೇಜಪ್ಪ ಚಾವಿ ತಿರುಗಿಸಿದ. ಇಂಜಿನ್ನು ನಿಂತಿತು.

"ಏನಾಯ್ತು? ಕೆಟ್ಟಿತಾ?"

"ಕೆಡಲಿಲ್ಲ" ಅಂತ ದೇಜಪ್ಪ ಕೆಳಗಿಳಿದ. "ಹಾಡು ಹೇಳಿದ್ರಲ್ಲ ಸಾರ್, ನಿಲ್ಲಿ. ಉತ್ತರ ಕೇಳಿ ಹೋಗಿ."

ಶರಣ್ ನಗಲು ನೋಡಿದ. ಹಿಂದೆ ಇನ್ನೊಂದು ಕಾರು ಬಂದು ನಿಂತು ಹಾರ್ನು ಹಾಕಿತು. ಮುಂದೆ ಬಸ್ಸು, ಹಿಂದೆ ಕಾರು. ಗಲ್ಲಿ ಅಂದರೆ ಕಟ್ಟಪುಣಿಯಷ್ಟೇ ಅಗಲ, ಎತ್ತ ತಿರುಗಲಿಕ್ಕೂ ಇಲ್ಲ.

"ಅಂಕಲ್, ಆಟ ಆಡಬೇಡಿ. ಮಕ್ಕಳಿಗೆ ಲೇಟ್ ಆಗ್ತದೆ."

"ಆಗಲಿ" ಅಂದ ದೇಜಪ್ಪ. ಆ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. "ನನ್ನಿಂದ ತಡ ಆಯ್ತು ಅಂತ ಇಡೀ ಗಲ್ಫ್ ಹಾಡ್ತಾ ಉಂಟಲ್ಲ. ಒಂದು ದಿನ ನಿಜವೇ ಆಗಲಿ."

ಚೆನ್ನು ಬಸ್ಸಿನ ಮೆಟ್ಟಿಲಿನಲ್ಲಿ ಚಪ್ಪಲಿ ಬಿಟ್ಟಳು, ಗದ್ದೆಗೆ ಇಳಿಯುವವರು ಬಿಡುವ ಹಾಗೆ. ಬರಿಗಾಲಿನಲ್ಲಿ ಧೂಳಿಗೆ ಇಳಿದು, ಗಂಡನ ಎದುರು ನಿಂತು, ಅವನ ಹೆಸರು ಎತ್ತಿ ಹಾಡಿದಳು. ಗಿಟಾರಿಲ್ಲ, ಧಡ್ ಧಡ್ ಇಲ್ಲ. ಮಲ್ಲಿಗೆ ಬಾಡಿತು. ಹುಂಜಕ್ಕೆ ಮುಪ್ಪಾಯಿತು. ರೇಡಿಯೋದಲ್ಲಿ ನೂರು ಸಲ ಕೇಳಿದ ಹಾಡು ಅಂತ ಬಸ್ಸಿನ ಮಕ್ಕಳಿಗೆ ಮೊದಲು ಗೊತ್ತೇ ಆಗಲಿಲ್ಲ. ಗೊತ್ತಾದ ಮೇಲೆ ಕೂಗಲು ಮನಸ್ಸಾಗಲಿಲ್ಲ. ಹಿಂದಿನ ಕಾರಿನವನು ಹಾರ್ನು ಹಾಕಲು ಎತ್ತಿದ ಕೈ ಹಾಗೇ ಕೆಳಗಿಟ್ಟ. ಮನೆಗಳ ಬಾಗಿಲಲ್ಲಿ ಹೆಂಗಸರು ಬಂದು ನಿಂತರು.

"ದೇಜಪ್ಪ ಬರಲಿಲ್ಲ" ಅಂತ ಮುಗಿಸಿ ಚೆನ್ನು ಗಂಡನ ಮುಖ ನೋಡಿದಳು. ಕಾದಳು. ಕಾಯುವುದು ಅವಳಿಗೆ ಹೊಸತಲ್ಲ.

ದೇಜಪ್ಪ ಉತ್ತರ ಕೊಟ್ಟ. ಒಡಕು ಸ್ವರ, ಧೂಳಿಗೆ ಇನ್ನಷ್ಟು ಒಡೆದಿತ್ತು. ಬರಲಿಕ್ಕೆ ಕಾಲಿತ್ತು, ಕಡಲು ನನದಲ್ಲ. ದಾರಿಯು ಧಣಿಯ ಪೆಟ್ಟಿಗೆಯೊಳಗೆ. ಬಂದೆನಲ್ಲ ಚೆನ್ನು. ಆ ಹುಂಜದ ಕಾಲಿನವರೆಗೂ, ಒಂದು ಅಕ್ಷರ ಬಿಡದೆ. ಈ ಸಲ ಯಾರೂ ಯಂತ್ರ ಒತ್ತಲಿಲ್ಲ.

ಶರಣ್ ಎಲ್ಲಿ ನೋಡುವುದು ಅಂತ ತಿಳಿಯದೆ ತನ್ನ ಬೂಟು ನೋಡುತ್ತಿದ್ದ. ಬಸ್ಸಿನ ಕಿಟಕಿಯಿಂದ ಮೋಕ್ಷಾ ಕೇಳಿದಳು, "ಪಪ್ಪಾ, ದೇಜಪ್ಪ ಅಂಕಲ್ ಬಂದಿದ್ರಾ ಹಾಗಾದ್ರೆ? ಮತ್ತೆ ಯಾಕೆ ಬರಲಿಲ್ಲ ಅಂತಾರೆ?" ಮಗುವಿಗೆ ಹೊಳೆದದ್ದು ದೊಡ್ಡವರಿಗೆ ಹೊಳೆಯಲಿಲ್ಲ ಅಂತಲ್ಲ. ಹೊಳೆದಿತ್ತು, ಬೇಕಾಗಿರಲಿಲ್ಲ.

"ಸಾರಿ ದೇಜಪ್ಪಣ್ಣ" ಅಂದ ಶರಣ್, ತುಂಬ ಸಣ್ಣ ಸ್ವರದಲ್ಲಿ. ಅಂಕಲ್ ಅನ್ನಲಿಲ್ಲ.

ಚೆನ್ನು ಕೈ ನೋಡಿಕೊಂಡಳು. ಕೆಸರೂ ಇಲ್ಲ, ಹಿಟ್ಟೂ ಇಲ್ಲ. ಬಸ್ಸಿನ ಮೈಮೇಲೆ ಬೆರಳು ದಪ್ಪ ಧೂಳು ಕೂತಿತ್ತು. ಅದರ ಮೇಲೆ ಅಂಗೈ ಎಳೆದು, ಗಂಡನ ಬಿಳಿ ಯೂನಿಫಾರ್ಮಿನ ಬೆನ್ನಿಗೆ ಬಲವಾಗಿ ಒತ್ತಿದಳು.

"ಓ ಇವರೇ, ಹೊರಡುವ" ಅಂದಳು.

ಹಾಡು ಆ ಶುಕ್ರವಾರವೂ ಮೊದಲ ಸ್ಥಾನದಲ್ಲೇ ಇತ್ತು, ಮುಂದಿನದರಲ್ಲೂ. ಅರ್ಧ ಹಾಡೇ. ಪಾರ್ಟ್ ಟೂ ಇವತ್ತಿನವರೆಗೂ ಬರಲಿಲ್ಲ. ಬರ್ತೇನೆ ಅಂತ ಹೇಳಿ ಬಾರದವರು ಯಾರು ಅಂತ ಈಗ ಹೇಳಬೇಕಾಗಿಲ್ಲ. ಆದರೆ ಆ ಗಲ್ಲಿಯಲ್ಲಿ ಮತ್ತೆ ಯಾರೂ ಆ ಸಾಲನ್ನು ಹಾಡಿ ಬಸ್ಸಿನ ಕಿಟಕಿಗೆ ತಟ್ಟಲಿಲ್ಲ. ಹಾಡಿದರೆ ನಿಲ್ಲಬೇಕಾಗುತ್ತದೆ ಅಂತ ಎಲ್ಲರಿಗೂ ಗೊತ್ತಾಗಿತ್ತು.

ಆ ಭಾನುವಾರ ಬಸ್ಸು ಶಾಲೆ ಮುಟ್ಟುವಾಗ ಬೆಲ್ಲು ಹೊಡೆದು ಆಗಿತ್ತು. ಗೇಟಿನಲ್ಲಿ ಆಫೀಸಿನವರು ಕಣ್ಣರಳಿಸಿ ನಿಂತಿದ್ದರು. "ದೇಜಪ್ಪ, ನೀವಾ? ಲೇಟಾ? ಏನು ಕಾರಣ ಬರೆಯಲಿ?"

"ಉತ್ತರ ಕೊಡ್ಲಿಕ್ಕೆ ಇತ್ತು" ಅಂದ ದೇಜಪ್ಪ. ಅವರಿಗೆ ಅದು ಅರ್ಥವಾಗಲಿಲ್ಲ. ಅವನು ಬಸ್ಸು ತಿರುಗಿಸಲು ಹೋದಾಗ ಬೆನ್ನ ಮೇಲೆ ಐದು ಬೆರಳು ಕಂಡಿತು. "ಬೆನ್ನಿಗೆ ಧೂಳು ಮೆತ್ತಿದೆ, ಒರೆಸಿಕೊಳ್ಳಿ" ಅಂತ ಕೂಗಿದರು.

"ಅದು ಇರಲಿ" ಅಂದ. ಸಂಜೆ ಕಡೆಯ ಮಗುವನ್ನು ಇಳಿಸುವವರೆಗೂ ಒರೆಸಲಿಲ್ಲ.